ಆಳಿನ ಭಯವೋ, ಮಗನ ಸೇವೆಯೋ?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಗಲಾತ್ಯ 4:1-7, 5:1, 13

 

ನಿಮ್ಮ ಸತ್ಯವೇದದಲ್ಲಿ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ತೆರೆದೇ ಇಟ್ಟುಕೊಳ್ಳಿ. ಈಗ ತಾನೇ 4ನೇ ಅಧ್ಯಾಯದ ಮೊದಲ ಏಳು ವಚನಗಳನ್ನು ಓದಿದೆವು. ನೀನು ಇನ್ನು ಮೇಲೆ ದಾಸನಲ್ಲ, ಮಗನಾಗಿದ್ದೀಯ ಅಂತ ಪೌಲನು ಏಳನೇ ವಚನದಲ್ಲಿ ಹೇಳ್ತಾನೆ. ಎಲ್ಲರೂ ಆಮೆನ್ ಅಂದ್ರಿ, ಸ್ತೋತ್ರ. ಈಗ ಒಂದು ಪುಟ ತಿರುಗಿಸಿ 5ನೇ ಅಧ್ಯಾಯದ 13ನೇ ವಚನಕ್ಕೆ ಬನ್ನಿ. ಅಲ್ಲಿ ಅದೇ ಪೌಲನು, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತಾನೆ. ಗ್ರೀಕ್ ಭಾಷೆಯಲ್ಲಿ ಆ "ಸೇವೆ ಮಾಡಿ" ಅನ್ನೋ ಪದ, ದಾಸ ಅನ್ನೋ ಪದದಿಂದಲೇ ಬಂದದ್ದು. ಅಂದರೆ ಒಬ್ಬರಿಗೊಬ್ಬರು ದಾಸರ ಹಾಗೆ ಇರಿ ಅಂತ. ಇನ್ನೂ ಹಿಂದೆ ಹೋದರೆ, 1ನೇ ಅಧ್ಯಾಯದ 10ನೇ ವಚನದಲ್ಲಿ ತಾನೇ ಕ್ರಿಸ್ತನ ದಾಸ ಅಂತ ಹೇಳಿಕೊಂಡಿದ್ದಾನೆ.

ಹಾಗಾದರೆ ನಾವು ಯಾರು? ಮಕ್ಕಳೋ, ದಾಸರೋ? ಬಿಡುಗಡೆ ಆದವರು ಮತ್ತೆ ಯಾಕೆ ಸೇವೆ ಮಾಡಬೇಕು? ಈ ದಿನ ಪವಿತ್ರಾತ್ಮನು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡ್ತಾ ಇದ್ದಾನೆ.

1. ಹಕ್ಕು ಇದ್ದರೂ ಹುಡುಗನೇ

ಗಲಾತ್ಯ ಅಂದರೆ ಇಂದಿನ ಟರ್ಕಿ ದೇಶದ ಮಧ್ಯಭಾಗ. ಆಗ ಅದು ರೋಮಾಪುರದ ಆಳ್ವಿಕೆಗೆ ಸೇರಿದ ಪ್ರಾಂತ. ಅಲ್ಲಿನ ಸಭೆಗಳು ಪವಿತ್ರಾತ್ಮನಲ್ಲಿ ಶುರುವಾದ ಸಭೆಗಳು. 3ನೇ ಅಧ್ಯಾಯ ಓದಿದರೆ ಗೊತ್ತಾಗುತ್ತೆ, ಅವರ ಮಧ್ಯೆ ಅದ್ಭುತ ಕಾರ್ಯಗಳೂ ನಡೆದಿದ್ದವು. ಆಮೇಲೆ ಕೆಲವರು ಬಂದು, "ಶಿಲುಬೆ ಸರಿ, ಆದರೆ ಅಷ್ಟೇ ಸಾಲದು. ಸುನ್ನತಿ ಮಾಡಿಸಿಕೊಳ್ಳಿ, ನಿಯಮಗಳನ್ನೂ ಹಿಡಿಯಿರಿ" ಅಂತ ಹೆದರಿಸಿದರು. ಆ ಹೊಸ ವಿಶ್ವಾಸಿಗಳು ದಿನ, ತಿಂಗಳು, ವರ್ಷಗಳನ್ನು ಲೆಕ್ಕ ಇಟ್ಟು ಆಚರಿಸೋಕೆ ಶುರುಮಾಡಿದರು.

ಪೌಲನು ಅವರಿಗೆ ಒಂದು ಮನೆಯ ಚಿತ್ರ ಕೊಡ್ತಾನೆ. ಆ ಕಾಲದ ಶ್ರೀಮಂತರ ಮನೆಯಲ್ಲಿ ಹುಡುಗನನ್ನು ನೋಡಿಕೊಳ್ಳೋಕೆ ಒಬ್ಬ ಆಳು ಇರ್ತಿದ್ದ. ಸಾಮಾನ್ಯವಾಗಿ ಅವನೂ ಆ ಮನೆಯ ದಾಸನೇ. ಹುಡುಗನನ್ನು ಪಾಠಕ್ಕೆ ಕರೆದುಕೊಂಡು ಹೋಗೋದು, ವಾಪಸ್ ಕರೆತರೋದು, ನಡತೆ ತಿದ್ದೋದು ಅವನ ಕೆಲಸ. ಬೇಕಾದರೆ ಕೋಲೂ ಎತ್ತುತ್ತಿದ್ದ. ಯೋಚನೆ ಮಾಡಿ, ಇಡೀ ಆಸ್ತಿ ಆ ಹುಡುಗನದೇ. ಆದರೂ ಅವನು ಆಳಿನ ಮಾತು ಕೇಳಿ ನಡೀಬೇಕು. ತಂದೆ ಗೊತ್ತುಮಾಡಿದ ದಿನ ಬರೋವರೆಗೂ ಅವನಿಗೂ ಆಳಿಗೂ ವ್ಯತ್ಯಾಸ ಕಾಣೋದಿಲ್ಲ.

ರೋಮ್‌ನವರಲ್ಲಿ ಆ ದಿನಕ್ಕೆ ಒಂದು ಪದ್ಧತಿಯೇ ಇತ್ತು. ಹುಡುಗನಿಗೆ ಸುಮಾರು 14ರಿಂದ 17 ವಯಸ್ಸು ಆದಾಗ, ಹೆಚ್ಚಾಗಿ ಮಾರ್ಚ್ 17ರ ಹಬ್ಬದಂದು, ಅವನು ಬಾಲ್ಯದ ಬಟ್ಟೆ ತೆಗೆದಿಟ್ಟು ದೊಡ್ಡವರ ಬಿಳಿ ನಿಲುವಂಗಿ ಹಾಕಿಕೊಳ್ತಿದ್ದ. ಅಲ್ಲಿಂದ ಅವನು ಗಂಡಸು, ಪ್ರಜೆ. ಮಾರನೇ ದಿನ ಅವನು ಮತ್ತೆ ಹುಡುಗನ ಬಟ್ಟೆ ಹಾಕಿಕೊಂಡು ಆ ಆಳಿನ ಹತ್ತಿರ ಹೋಗಿ, "ಇವತ್ತು ನಾನೇನು ಮಾಡಲಿ? ತಪ್ಪಾದರೆ ಹೊಡೀತೀಯಾ?" ಅಂತ ಕೇಳಿದರೆ ಹೇಗಿರುತ್ತೆ? ಗಲಾತ್ಯದವರು ಮಾಡಿದ್ದು ಅದನ್ನೇ. ಧರ್ಮಶಾಸ್ತ್ರ ಕೆಟ್ಟದ್ದು ಅಂತ ಪೌಲನು ಎಲ್ಲೂ ಹೇಳೋದಿಲ್ಲ. ಕ್ರಿಸ್ತನ ಹತ್ತಿರ ಕರೆತರೋ ಕೆಲಸ ಅದು ಮಾಡಿ ಮುಗಿಸಿದೆ. ನೀನು ಈಗ ದೊಡ್ಡವನಾಗಿದ್ದೀಯ ಅಂತಾನೆ.

2. ಸಾಲ ತೀರಿದ ಮೇಲೂ ಜೀತ

ನಮ್ಮ ನಾಡಿನ ಹಿರಿಯರಿಗೆ ಜೀತ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ದುಡಿಯಬೇಕು, ಬಡ್ಡಿ ಬೆಳೀತಾನೇ ಇರುತ್ತೆ, ಅಸಲು ತೀರೋದೇ ಇಲ್ಲ. 1976ರಲ್ಲಿ ನಮ್ಮ ದೇಶದಲ್ಲಿ ಜೀತ ನಿರ್ಮೂಲನಾ ಕಾಯ್ದೆ ಬಂತು. ಆ ಕಾಯ್ದೆ ಜೀತಗಾರರನ್ನು ಬಿಡಿಸಿದ್ದು ಮಾತ್ರ ಅಲ್ಲ, ಜೀತಕ್ಕೆ ಕಾರಣವಾದ ಆ ಸಾಲವನ್ನೇ ಅಳಿಸಿಹಾಕಿತು. ಕೊಲೊಸ್ಸೆ 2:14ರಲ್ಲಿ ದೇವರು ಮಾಡಿದ್ದೂ ಇದನ್ನೇ. ನಮ್ಮ ಮೇಲಿದ್ದ ಸಾಲಪತ್ರವನ್ನು ಅಳಿಸಿ, ಅದನ್ನು ಶಿಲುಬೆಗೆ ಜಡಿದುಬಿಟ್ಟನು. ಹಲ್ಲೆಲೂಯಾ!

ಆದರೆ ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳಿ. ಸಾಲ ಇಲ್ಲ ಅಂತ ಕಾಗದ ಕೈಗೆ ಬಂದಿದೆ. ಆದರೂ ಕೋಳಿ ಕೂಗೋ ಹೊತ್ತಿಗೆ ಎದ್ದು, ಅಭ್ಯಾಸಬಲದಿಂದ ಸಾಹುಕಾರರ ಕೊಟ್ಟಿಗೆ ಮುಂದೆ ಹೋಗಿ ನಿಂತ್ಕೊಳ್ತಾನೆ. ಕಾನೂನಿನ ಪ್ರಕಾರ ಅವನು ಬಿಡುಗಡೆ ಆದವನು, ಮನಸ್ಸಿನಲ್ಲಿ ಇನ್ನೂ ಜೀತದಾಳು.

ಪ್ರಿಯರೇ, ಎಷ್ಟು ವಿಶ್ವಾಸಿಗಳು ಹೀಗೆ ಬದುಕ್ತಾ ಇದ್ದಾರೆ! ಬುಧವಾರ ಮಗುವಿಗೆ ಜ್ವರ, ಆ ಸಹೋದರಿಗೆ ಉಪವಾಸ ಪ್ರಾರ್ಥನೆಗೆ ಬರೋಕಾಗಲಿಲ್ಲ. ಗುರುವಾರ ಬೆಳಗ್ಗೆ ಮಿಕ್ಸಿ ಕೆಟ್ಟುಹೋಯ್ತು. "ಅಯ್ಯೋ, ನಿನ್ನೆ ಪ್ರಾರ್ಥನೆಗೆ ಹೋಗಲಿಲ್ಲ, ಅದಕ್ಕೇ ದೇವರು ಹೊಡೆದ" ಅಂತ ಅಳು. ಅಮ್ಮಾ, ನಿನ್ನ ಪರಲೋಕದ ತಂದೆ ಮಿಕ್ಸಿ ಕೆಡಿಸೋ ದೇವರಲ್ಲ! ಕಾಯಿಲೆ ಮಗುವಿನ ಹಣೆ ಮೇಲೆ ಒದ್ದೆ ಬಟ್ಟೆ ಹಾಕುತ್ತಾ ನೀನು ನಿಟ್ಟುಸಿರು ಬಿಟ್ಟೆಯಲ್ಲಾ, ಅದೂ ಆತನ ಕಿವಿಗೆ ಪ್ರಾರ್ಥನೆಯಾಗಿಯೇ ಮುಟ್ಟಿದೆ. ಇಂಥ ಭಯವನ್ನು ಬೆಳೆಸಿ ಕಾಣಿಕೆ ಎತ್ತುವವರೂ ಇದ್ದಾರೆ. ಅವರ ಮಾತಿಗೆ ಮರುಳಾಗಬೇಡಿ. ಮತ್ತೆ ಹೆದರಿಕೆಗೆ ಒಳಪಡಿಸೋ ದಾಸತ್ವದ ಆತ್ಮ ನಮಗೆ ಸಿಕ್ಕಿಲ್ಲ ಅಂತ ರೋಮಾಪುರ 8:15 ಹೇಳುತ್ತೆ.

ನಾವು ಪೆಂತೆಕೊಸ್ತಿನವರು ಆತ್ಮನ ಬಗ್ಗೆ ತುಂಬಾ ಮಾತಾಡ್ತೀವಿ. ಅನ್ಯಭಾಷೆ, ಅಭಿಷೇಕ, ಪ್ರವಾದನೆ, ಇವೆಲ್ಲಾ ಬೇಕು. ಆದರೆ ಗಲಾತ್ಯ 4:6ರಲ್ಲಿ ಆತ್ಮನು ಬಂದು ಮಾಡೋ ಕೆಲಸ ಯಾವುದು? ನಮ್ಮ ಹೃದಯದೊಳಗಿಂದ "ಅಪ್ಪಾ" ಅಂತ ಕೂಗೋದು. ಯೇಸು ಆಡಿದ ಭಾಷೆಯಲ್ಲಿ ಅದು "ಅಬ್ಬಾ". ನಮ್ಮ ಕನ್ನಡಕ್ಕೆ ಎಷ್ಟು ಹತ್ತಿರ ನೋಡಿ! ಆಳು "ಧಣಿ" ಅಂತಾನೆ, ಮಗು "ಅಪ್ಪಾ" ಅನ್ನುತ್ತೆ.

ಸಹೋದರಿಯರೇ, "ಮಗ" ಅನ್ನೋ ಪದ ನೋಡಿ ನೀವು ಹೊರಗಿನವರು ಅಂದುಕೊಳ್ಳಬೇಡಿ. ಕ್ರಿಸ್ತನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ ಅಂತ 3:28ರಲ್ಲಿ ಹೇಳಿದ ಮೇಲೆಯೇ ಪೌಲನು ಈ ಮಾತಿಗೆ ಬರ್ತಾನೆ. ಮಗನಿಗೆ ಸಿಗೋ ಹಕ್ಕು ಪೂರ್ತಿಯಾಗಿ ನಿಮಗೂ ಇದೆ.

3. ಒಂದೇ ಮನೆ, ಇಬ್ಬರು ಮಕ್ಕಳು, ಇಬ್ಬರದೂ ಆಳಿನ ಮನಸ್ಸು

ಲೂಕ 15 ನಮಗೆಲ್ಲಾ ಬಾಯಿಪಾಠ. ಆದರೆ ಒಂದು ವಿಷಯ ಗಮನಿಸಿ. ಕಿರಿಯ ಮಗ ಹಂದಿಗಳ ಮಧ್ಯೆ ಕೂತು ಏನು ಹೇಳಬೇಕು ಅಂತ ತಯಾರಿ ಮಾಡಿಕೊಂಡ. ತಪ್ಪು ಮಾಡಿದೆ, ಮಗ ಅನ್ನಿಸಿಕೊಳ್ಳೋ ಯೋಗ್ಯತೆ ಇಲ್ಲ, ಕೂಲಿಯಾಳಾಗಿ ಇಟ್ಟುಕೋ, ಇದು 19ನೇ ವಚನದವರೆಗಿನ ತಯಾರಿ. 21ನೇ ವಚನದಲ್ಲಿ ತಂದೆಯ ಮುಂದೆ ನಿಂತು ಹೇಳುವಾಗ ಕೊನೆಯ ಮಾತೇ ಇಲ್ಲ! ಕೂಲಿ ವಿಷಯಕ್ಕೆ ಬರೋ ಮೊದಲೇ ತಂದೆ ನಿಲುವಂಗಿ ತನ್ನಿ, ಉಂಗುರ ತನ್ನಿ, ಜೋಡು ತನ್ನಿ ಅಂತ ಕೂಗಿಬಿಟ್ಟ. ಆ ತಂದೆಯ ಮನೆಯಲ್ಲಿ ಮಗನಿಗೆ ಕೂಲಿಯಾಳಿನ ಕೆಲಸ ಖಾಲಿ ಇರಲಿಲ್ಲ.

ಹಿರಿಯ ಮಗ? ಅವನು ಮನೆ ಬಿಟ್ಟು ಹೋದವನೇ ಅಲ್ಲ. ಸಭೆಗೆ ಒಂದು ದಿನವೂ ತಪ್ಪಿಸದವರ ಹಾಗೆ. ಆದರೆ ಅವನ ಬಾಯಿಂದ ಬಂದದ್ದು ಲೆಕ್ಕ. ಇಷ್ಟು ವರ್ಷ ನಿನಗೆ ದಾಸನ ಹಾಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ. ತಂದೆ ಅವನಿಗೆ ಹೇಳಿದ್ದು, ನನ್ನದೆಲ್ಲಾ ನಿನ್ನದೇ ಅಂತ. ಹೊಲ ಅವನದು, ಕೊಟ್ಟಿಗೆ ಅವನದು, ಆದರೂ ಒಂದು ಮರಿಗಾಗಿ ಕೊರಗುತ್ತಿದ್ದ. ಸೇವೆ ಮಾಡಿ ಮಾಡಿ ನಿಮ್ಮ ಮನಸ್ಸು ಕಹಿಯಾಗಿದ್ದರೆ, "ನಾನು ಇಷ್ಟು ಮಾಡಿದೆ, ಪಾಸ್ಟರ್ ನನ್ನ ಹೆಸರೇ ಹೇಳಲಿಲ್ಲ" ಅಂತ ಒಳಗೊಳಗೇ ಕುದೀತಾ ಇದ್ದರೆ, ಕೈ ತಂದೆಯ ಹೊಲದಲ್ಲಿದೆ, ಮನಸ್ಸು ಆಳುಗಳ ಸಾಲಿನಲ್ಲಿದೆ ಅಂತ ತಿಳ್ಕೊಳ್ಳಿ.

4. ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡ ಮಗನು

ಹಾಗಾದರೆ ಸೇವೆಯನ್ನು ಬಿಟ್ಟುಬಿಡೋದಾ? ಯೋಹಾನ 13ಕ್ಕೆ ಬನ್ನಿ. ಯೇಸು ಶಿಷ್ಯರ ಕಾಲು ತೊಳೆದದ್ದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮುಂಚೆ 3ನೇ ವಚನವನ್ನು ಯೋಹಾನನು ಯಾಕೆ ಇಟ್ಟ? ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ಯೇಸುವಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಆತನು ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡನು.

ಆ ಕೋಣೆಯಲ್ಲಿದ್ದ ಹನ್ನೆರಡು ಜನರಿಗೆ ಬಗ್ಗೋಕೆ ಆಗಲಿಲ್ಲ. ಯಾಕಂದ್ರೆ ತಮ್ಮಲ್ಲಿ ಯಾರು ದೊಡ್ಡವರು ಅಂತ ಅದೇ ರಾತ್ರಿ ಜಗಳ ಆಡಿದರು, ಲೂಕ 22:24 ನೋಡಿ. ತಾನು ಯಾರು ಅಂತ ಗೊತ್ತಿಲ್ಲದವನಿಗೆ ಬಗ್ಗೋಕೆ ಭಯ, ಬಗ್ಗಿದರೆ ಚಿಕ್ಕವನಾಗ್ತೀನಿ ಅಂತ. ತಾನು ತಂದೆಯ ಮಗ ಅಂತ ಗೊತ್ತಿರುವವನು ಯಾರ ಕಾಲ ಬಳಿ ಬೇಕಾದರೂ ಕೂರಬಹುದು, ಅವನ ಮಗತನ ಎಲ್ಲೂ ಹೋಗೋದಿಲ್ಲ. ಪೌಲನು ಮಗನೂ ಆಗಿ ದಾಸನೂ ಆಗಿದ್ದು ಹೀಗೆ. ಮೊದಲು ಬಿಡುಗಡೆ, ಆ ಬಿಡುಗಡೆಯಿಂದ ಸೇವೆ.

ವಿಮೋಚನಕಾಂಡ 21ರಲ್ಲಿ ಇದರ ನೆರಳು ಇದೆ. ಇಬ್ರಿಯ ದಾಸನು ಆರು ವರ್ಷ ದುಡಿದರೆ ಏಳನೇ ವರ್ಷ ಹಣ ಕೊಡದೆ ಬಿಡುಗಡೆ. ಬಾಗಿಲು ತೆರೆದಿದೆ. ಆದರೆ ಅವನು, "ನನ್ನ ಯಜಮಾನನನ್ನೂ ಹೆಂಡತಿ ಮಕ್ಕಳನ್ನೂ ಪ್ರೀತಿಸುತ್ತೇನೆ, ಹೋಗುವುದಿಲ್ಲ" ಅಂದರೆ, ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಿದ್ದರು. ಆ ಗುರುತಿನ ಹಿಂದೆ ಪ್ರೀತಿ ಇತ್ತು.

5. ಪ್ರೌಢತೆಯ ಗುರುತು

ಇಬ್ರಿಯ 5ನೇ ಅಧ್ಯಾಯದ ಕೊನೆಯಲ್ಲಿ, ಇಷ್ಟು ಹೊತ್ತಿಗೆ ಬೋಧಕರಾಗಿರಬೇಕಾದವರು ಇನ್ನೂ ಹಾಲು ಕುಡೀತಿದ್ದೀರಿ ಅಂತ ಗದರಿಕೆ ಇದೆ. ಮಗಳ ಸಂಬಂಧಕ್ಕೂ ಪಾಸ್ಟರ್‌ಗೆ ಫೋನು, ಫ್ರಿಜ್ ಕೊಳ್ಳೋಕೂ ಪಾಸ್ಟರ್‌ಗೆ ಫೋನು. ಪ್ರಾರ್ಥನೆಗೆ ಫೋನ್ ಮಾಡಿ, ಸಂತೋಷ. ಆದರೆ ನಿಮ್ಮೊಳಗೂ ಅದೇ ಪವಿತ್ರಾತ್ಮ ಇದ್ದಾನಲ್ವಾ? ವಿಶ್ವಾಸಿಗಳನ್ನು ಜೀವನಪೂರ್ತಿ ಚಿಕ್ಕ ಮಕ್ಕಳಾಗಿಯೇ ಇಡೋದು ಸಭಾಪಾಲಕರ ಕೆಲಸ ಅಲ್ಲ. ನಿಮ್ಮ ನಂಬಿಕೆಯ ಮೇಲೆ ದೊರೆತನ ಮಾಡೋಕೆ ಬಂದವನಲ್ಲ, ನಿಮ್ಮ ಸಂತೋಷಕ್ಕೆ ಸಹಾಯಕ ಅಂತ ಪೌಲನೇ 2 ಕೊರಿಂಥ 1:24ರಲ್ಲಿ ಹೇಳಿಕೊಂಡಿದ್ದಾನೆ.

ಇನ್ನು ಕೆಲವರು, "ನಾನು ಕೃಪೆಯಲ್ಲಿದ್ದೀನಿ, ನನಗೆ ಯಾರೂ ಹೇಳಬೇಕಾಗಿಲ್ಲ" ಅಂತಾರೆ. ಸರಿ, ಯಾರೂ ಹೇಳೋದಿಲ್ಲ. ಯಾರೂ ಹೇಳದೆ ನೀವು ಏನು ಮಾಡ್ತೀರಿ? ಪ್ರೀತಿಯ ಊಟ ಮುಗಿದ ಮೇಲೆ ಪಾತ್ರೆ ಯಾರು ತೊಳೀತಾರೆ? ಮನೆ ಸೋರಿದರೆ ಬಾಡಿಗೆಯವನು ಓನರ್‌ಗೆ ಫೋನ್ ಮಾಡ್ತಾನೆ, ಮನೆಮಗ ಏಣಿ ಹುಡುಕ್ತಾನೆ.

ಒಂದು ಎಚ್ಚರಿಕೆ ಹೇಳಲೇಬೇಕು. 5:13ರಲ್ಲಿ "ಒಬ್ಬರಿಗೊಬ್ಬರು" ಅಂತಿದೆ. ಒಬ್ಬರು ಯಾವಾಗಲೂ ಕಾಲು ತೊಳೀತಾ, ಇನ್ನೊಬ್ಬರು ಯಾವಾಗಲೂ ಕಾಲು ಚಾಚ್ತಾ ಇದ್ದರೆ ಅದು ಕ್ರಿಸ್ತನ ಸೇವೆ ಅಲ್ಲ. ಸೊಸೆಗೆ ಮಾತ್ರ ತಾಳ್ಮೆ ಬೋಧಿಸಿ, ಕೈ ಎತ್ತೋ ಗಂಡನಿಗೆ ಏನೂ ಹೇಳದೆ ಇರೋದು ಸುವಾರ್ತೆ ಅಲ್ಲ. ಹೊಡೆತ ಸಹಿಸ್ಕೊಂಡು ಸುಮ್ಮನಿರೋದೇ ದಾಸತ್ವ ಅಂತ ಯಾರಾದರೂ ನಿನಗೆ ಕಲಿಸಿದ್ದರೆ, ಮಗಳೇ, ಅದು ತಂದೆಯ ಸ್ವರ ಅಲ್ಲ. ಸುರಕ್ಷಿತವಾದ ಕಡೆಗೆ ಹೋಗು, ಸಹಾಯ ಕೇಳು, ಸಭೆ ನಿನ್ನ ಜೊತೆ ನಿಲ್ಲಬೇಕು.

ಈ ವಾರ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಭಯದಿಂದ ಮಾಡ್ತಿರೋ ಒಂದು ಸೇವೆಯನ್ನು ಕರ್ತನ ಮುಂದೆ ಇಟ್ಟು, "ಅಪ್ಪಾ, ಇದನ್ನು ಮಾಡದಿದ್ದರೂ ನಾನು ನಿನ್ನ ಮಗು ತಾನೇ?" ಅಂತ ಕೇಳಿ. ಆತನು ಹೌದು ಅನ್ನುವ ತನಕ ಆ ಸನ್ನಿಧಿಯಲ್ಲಿ ಕೂತಿರಿ. ಆಮೇಲೆ ಎದ್ದು, ನಿಮ್ಮ ಮನೆಯಲ್ಲಿ ಇಷ್ಟು ದಿನ ನಿಮ್ಮ ಸೇವೆ ಮಾಡಿದವರಿಗೆ ಒಂದು ಲೋಟ ನೀರು ಕೊಡಿ.

ಎಲ್ಲರೂ ತಲೆ ಬಾಗಿಸಿ ಪ್ರಾರ್ಥಿಸೋಣ.

ಅಪ್ಪಾ, ತಂದೆಯೇ, ನಿನಗೆ ಸ್ತೋತ್ರ. ನಮ್ಮ ಸಾಲವನ್ನು ನಿನ್ನ ಮಗನ ರಕ್ತದಿಂದ ಅಳಿಸಿದ್ದೀ. ಇನ್ನೂ ಕೊಟ್ಟಿಗೆ ಬಾಗಿಲಲ್ಲಿ ಹೆದರಿ ನಿಂತಿರುವ ಪ್ರತಿಯೊಬ್ಬರನ್ನೂ ಮನೆಯೊಳಗೆ ಕರೆದುಕೋ. ದುಡಿದು ದಣಿದು ಕಹಿಯಾದವರಿಗೆ, ನಿನ್ನದೆಲ್ಲಾ ತಮ್ಮದೇ ಅನ್ನೋದನ್ನು ತೋರಿಸು. ಬಿಡುಗಡೆ ಹೊಂದಿಯೂ ಕೈಕಟ್ಟಿ ಕೂತವರನ್ನು ಎಬ್ಬಿಸು. ನಿನ್ನ ಆತ್ಮನಿಂದ ನಮ್ಮನ್ನು ಬೆಳೆಸು, ಕರ್ತನೇ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್, ಆಮೆನ್.