ದೈವ, ಪುರುಷಕಾರ ಮತ್ತು ಬಸುರಿಯ ರಕ್ತಸ್ರಾವ

ಹೊಸೂರು, ತಳಿ, ಡೆಂಕಣಿಕೋಟೆಗಳ ಕನ್ನಡ ಮನೆಗಳಲ್ಲಿ ಬಸುರಿಯ ಮೂಗಿನಿಂದ ರಕ್ತವು ಧಾರೆಗಟ್ಟಿ ಇಳಿಯತೊಡಗಿತೆಂದರೆ, ದೃಷ್ಟಿ ತಾಕಿತೋ, ಹರಕೆ ಮರೆತೆವೋ, ಯಾವ ಜನ್ಮದ ಕರ್ಮವೋ ಎಂಬ ಮಾತು ಹಿರಿಯರ ಬಾಯಿಂದ ಹೊರಡುವುದುಂಟು. ಚಂದ್ರಚೂಡೇಶ್ವರನ ಬೆಟ್ಟದತ್ತ ಕೈಮುಗಿದು ಕೇಳುವ ಆ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು; ಆದರೆ ಅದು ಬಸುರಿಯ ತಲೆಯ ಮೇಲೆಯೇ ಅಪರಾಧವನ್ನು ಹೊರಿಸುವುದಾದರೆ ಅದನ್ನು ಧರ್ಮವೆಂದು ಕರೆಯಲಾರೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಆಯುಸ್ಸು ನಿಯತವೋ ಅನಿಯತವೋ ಎಂದು ಅಗ್ನಿವೇಶನು ಗುರುವಾದ ಆತ್ರೇಯನನ್ನು ಕೇಳುತ್ತಾನೆ. ಪೂರ್ವಜನ್ಮದ ಕರ್ಮವು ದೈವ, ಈ ಜನ್ಮದ ಪ್ರಯತ್ನವು ಪುರುಷಕಾರ, ದುರ್ಬಲವಾದ ದೈವವನ್ನು ಪ್ರಬಲವಾದ ಪುರುಷಕಾರವು ಗೆಲ್ಲುತ್ತದೆ ಎಂದು ಹೇಳುವ ಆತ್ರೇಯನು, ಎಲ್ಲವೂ ನಿಯತವೇ ಆಗಿದ್ದಲ್ಲಿ ಔಷಧ ಮಾತ್ರವಲ್ಲ, ಮಂತ್ರ ಹೋಮಗಳೂ ವ್ಯರ್ಥವಾಗುತ್ತಿದ್ದವೆಂದು ತೋರಿಸುತ್ತಾನೆ. ಹರಕೆ ಹೊರುವವನು ಆ ಕ್ಷಣದಲ್ಲಿಯೇ ವಿಧಿಯನ್ನು ಬದಲಿಸಬಹುದೆಂದು ನಂಬಿದ್ದಾನೆ. ಅಂಥವನಿಗೆ ಚಿಕಿತ್ಸೆಯಲ್ಲಿ ಅವಿಶ್ವಾಸವೇಕೆ?

ದೇಹದ ಕಡೆಯಿಂದ ನೋಡಿದರೆ, ಶಿಶುವಿನ ಪೋಷಣೆಗಾಗಿ ತಾಯಿಯ ರಕ್ತದ ಪ್ರಮಾಣವು ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಈಸ್ಟ್ರೋಜನ್ನಿನ ಪ್ರಭಾವದಿಂದ ಮೂಗಿನೊಳಗಣ ಪೊರೆ ಊದುತ್ತದೆ. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಹೆಣೆದುಕೊಂಡ ಸೂಕ್ಷ್ಮ ನಾಳಗಳು ಒಣಗಾಳಿಗೋ ಸೀನಿಗೋ ಒಡೆಯುತ್ತವೆ. ಇದರಲ್ಲಿ ಪಾಪದ ಲೇಶವೂ ಇಲ್ಲ.

ಪುರುಷಕಾರವೆಂಬುದು ಇಲ್ಲಿ ಬಹು ಸರಳ. ಆಕೆಯನ್ನು ನೆಟ್ಟಗೆ ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಎಲುಬಿನ ಕೆಳಗಣ ಮೆತ್ತನೆಯ ಭಾಗವನ್ನು 10ರಿಂದ 15 ನಿಮಿಷ ಬಿಡದೆ ಅದುಮಿ ಹಿಡಿಯಬೇಕು. ಉಸಿರು ಬಾಯಿಯಿಂದಾಗಲಿ, ಬಾಯಿಗಿಳಿದ ರಕ್ತವನ್ನು ಉಗುಳಲಿ. ನಿಂತಿತೇ ಎಂದು ನಡುನಡುವೆ ಬೆರಳು ಸಡಿಲಿಸಿ ನೋಡುವ ಆತುರವೇ ಕಟ್ಟುತ್ತಿರುವ ಹೆಪ್ಪನ್ನು ಕೆಡಿಸುತ್ತದೆ. ತಲೆಯನ್ನು ಹಿಂದಕ್ಕೊರಗಿಸುವ ಹಳೆಯ ಪದ್ಧತಿಯಿಂದ ರಕ್ತವು ಗಂಟಲಿಗಿಳಿದು ವಾಂತಿಯಾಗುತ್ತದೆ.

ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ಬವಳಿ ಬಂದರೆ, ತೀವ್ರ ತಲೆನೋವೋ ಕಣ್ಣು ಮಂಜಾಗುವುದೋ ಜೊತೆಗೂಡಿದರೆ, 108ಕ್ಕೆ ಕರೆಮಾಡಲು ಹಿಂದುಮುಂದು ನೋಡಬಾರದು. ರಕ್ತದೊತ್ತಡ, ಪ್ಲೇಟ್‌ಲೆಟ್‌ಗಳನ್ನು ಪರೀಕ್ಷಿಸಿ, ಒಡೆದ ನಾಳವನ್ನು ಸುಟ್ಟೋ ಮೂಗಿಗೆ ಬತ್ತಿಯಿಟ್ಟೋ ನಿಲ್ಲಿಸುವ ಉಪಾಯ ಆಸ್ಪತ್ರೆಯಲ್ಲಿದೆ.

ಇನ್ನು ರಕ್ತ ಕಂಡಿತೆಂದು ಮೈಲಿಗೆಯ ಭಯದಿಂದ ದೂರ ನಿಲ್ಲುವವರೂ ಉಂಟು. ಜನನ, ಮರಣ, ರಜಸ್ಸುಗಳ ಸೂತಕವನ್ನೇ ಹನ್ನೆರಡನೆಯ ಶತಮಾನದಲ್ಲಿ ಶರಣರು ನಿರಾಕರಿಸಿದ ಈ ಭಾಷೆಯವರಿಗೆ ಆ ಹಿಂಜರಿಕೆ ತಕ್ಕುದಲ್ಲ. ಹರಕೆಯ ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುವವರು ಕಟ್ಟಿಡಲಿ. ಅಷ್ಟರಲ್ಲಿ ಮತ್ತೊಬ್ಬರು ಆಕೆಯ ಮೂಗನ್ನು ಹಿಡಿದು ಕೂತಿರಲಿ.