ಆನೃಶಂಸ್ಯ: ಸಾಕುನಾಯಿಯ ಮುಂದೆ ಮನುಷ್ಯ ಸ್ವಭಾವ

ಅಧಿಕಾರವುಳ್ಳವರ ಮುಂದೆ ಮನುಷ್ಯ ತೋರುವ ನಡತೆಯಲ್ಲಿ ಭಯವೋ ಆಸೆಯೋ ಬೆರೆತಿರುವುದರಿಂದ ಅದು ಅವನ ಸ್ವಭಾವಕ್ಕೆ ನಂಬಲರ್ಹವಾದ ಸಾಕ್ಷಿಯಾಗಲಾರದು. ದೂರು ಹೇಳಲಾರದ, ಋಣ ತೀರಿಸುವೆನೆಂದು ಮಾತು ಕೊಡಲಾರದ ಜೀವವೊಂದರ ಮುಂದೆ ಅವನು ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ನೋಡಬೇಕಾಗುತ್ತದೆ. ಅಂಥಲ್ಲಿ ಬೆಳಗುವ ಗುಣವನ್ನು ಮಹಾಭಾರತ ಆನೃಶಂಸ್ಯವೆಂದು ಕರೆಯುತ್ತದೆ. ಕ್ರೂರನಾಗದಿರುವುದು ಅದರ ನೇರ ಅರ್ಥವಾದರೂ, ತನ್ನನ್ನು ನಂಬಿ ಬಂದವರನ್ನು ಯಾವ ಲಾಭವಿಲ್ಲದಿದ್ದರೂ ಕೈಬಿಡಲಾರದ ಮನಸ್ಸು ಎಂಬಷ್ಟು ದೂರಕ್ಕೆ ಮಹಾಕಾವ್ಯ ಆ ಅರ್ಥವನ್ನು ಒಯ್ಯುತ್ತದೆ. ಅಹಿಂಸೆಯನ್ನು ಮನುಷ್ಯ ಎಲ್ಲರಿಂದಲೂ ದೂರ ನಿಂತು, ಒಂಟಿಯಾಗಿಯೂ ಪಾಲಿಸಬಲ್ಲ. ಆನೃಶಂಸ್ಯಕ್ಕೆ ಮಾತ್ರ ಎದುರಿಗೊಂದು ಜೀವ ಬೇಕು, ಅದರೊಡನೆ ಸಂಬಂಧ ಬೇಕು. ಪರಮಧರ್ಮ ಯಾವುದೆಂದು ಯಕ್ಷ ಕೇಳಿದಾಗ ಧರ್ಮರಾಯ ಹೆಸರಿಸುವುದು ಇದನ್ನೇ; ಸತ್ತು ಬಿದ್ದ ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಉಳಿಸಿಕೊಳ್ಳುವ ಅವಕಾಶ ದೊರೆತಾಗ ಭೀಮಾರ್ಜುನರನ್ನು ಬಿಟ್ಟು, ಮಾದ್ರಿಗೂ ಒಬ್ಬ ಮಗನಿರಲೆಂದು ನಕುಲನನ್ನು ಕೇಳಿ, ತಾನು ಹೇಳಿದ್ದನ್ನು ನಡೆದೂ ತೋರಿಸುತ್ತಾನೆ.

ಈ ಗುಣದ ಕೊನೆಯ ಪರೀಕ್ಷೆಗೆ ಮಹಾಭಾರತ ಆರಿಸಿಕೊಂಡಿದ್ದು ನಾಯಿಯನ್ನು. ಕಾವ್ಯದ ಮೊದಲಲ್ಲಿಯೇ, ತಪ್ಪು ಮಾಡದ ನಾಯಿಮರಿಯೊಂದನ್ನು ಜನಮೇಜಯನ ತಮ್ಮಂದಿರು ಹೊಡೆದಾಗ ಅದರ ತಾಯಿ ಸರಮೆ ಬಂದು ನ್ಯಾಯ ಕೇಳುತ್ತಾಳೆ, ಅರಸನ ಬಳಿ ಉತ್ತರವಿರುವುದಿಲ್ಲ. ಕಡೆಯಲ್ಲಿ, ಮಹಾಪ್ರಸ್ಥಾನದ ಹಾದಿಯಲ್ಲಿ ಹೆಂಡತಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆಗೆ ಉಳಿಯುವುದು ಒಂದು ನಾಯಿ ಮಾತ್ರ. ನಾಯಿಯನ್ನು ಬಿಟ್ಟು ರಥವೇರೆಂದು ಹೇಳುವ ಇಂದ್ರ, ಸ್ವಂತ ತಮ್ಮಂದಿರನ್ನೇ ದಾರಿಯಲ್ಲಿ ಬಿಟ್ಟು ಬಂದವನಿಗೆ ನಾಯಿಯ ಮೇಲೇಕೆ ಈ ಹಟವೆಂದು ಕೇಳುತ್ತಾನೆ, ಪ್ರಶ್ನೆ ಹರಿತವಾದದ್ದು. ಅವರು ಸತ್ತಿದ್ದರು, ಸತ್ತವರನ್ನು ಬದುಕಿಸುವುದು ತನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ಅವರನ್ನು ತಾನು ಬಿಟ್ಟಿರಲಿಲ್ಲ ಎಂದು ಧರ್ಮರಾಯ ಉತ್ತರಿಸುತ್ತಾನೆ. ಇಡೀ ತತ್ತ್ವದ ಗಟ್ಟಿತನವಿರುವುದು ಈ ಉತ್ತರದಲ್ಲಿ: ಆನೃಶಂಸ್ಯ ದುಃಖದಿಂದ ಹುಟ್ಟುವ ಭಾವುಕತೆಯಾಗಿರದೆ, ಜೀವ ಇರುವವರೆಗೆ ಸಲ್ಲಬೇಕಾದ ಹೊಣೆಯಾಗಿದೆ.

ಸಂಡೂರು, ಹೊಸಪೇಟೆ, ಕಂಪ್ಲಿಗಳ ಓದುಗರಿಗೆ ಈ ಪ್ರಸಂಗ ನೆರೆಹೊರೆಯದು. ಕುಮಾರವ್ಯಾಸನ ಭಾರತ ಹತ್ತು ಪರ್ವಗಳಿಗೆ ನಿಂತುಹೋದದ್ದರಿಂದ ಈ ನಾಯಿ ಅದರಲ್ಲಿ ಬರುವುದಿಲ್ಲ. ಉಳಿದ ಪರ್ವಗಳನ್ನು ಕನ್ನಡದಲ್ಲಿ ಪೂರ್ಣಗೊಳಿಸಿದವನು, ಸಂಡೂರಿನ ಗುಡ್ಡಸಾಲಿನ ಆಚೆಗಿರುವ ಹಂಪೆಯಿಂದ 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿ.

ನಾಯಿಯೇ ಏಕೆ ಎಂಬುದಕ್ಕೆ ಜೀವವಿಜ್ಞಾನದಲ್ಲಿಯೂ ಉತ್ತರವಿದೆ. ತೋಳದ ಕುಲದಿಂದ ಬಂದ ಈ ಪ್ರಾಣಿ ಬೇಸಾಯ ಆರಂಭವಾಗುವುದಕ್ಕೂ ಮೊದಲೇ ಮನುಷ್ಯನ ಒಡನಾಡಿಯಾಗಿ, ಅವನ ಮುಖ ನೋಡಿ ಮನಸ್ಸು ತಿಳಿಯುವುದನ್ನು ಕಲಿತಿದೆ. ಮನುಷ್ಯನಾದರೋ ನಾಯಿಯ ಮುಖದಲ್ಲಿ ಬಹುಪಾಲು ತನ್ನನ್ನೇ ಓದಿಕೊಳ್ಳುತ್ತಾನೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಕಿದವರು ಗುರುತಿಸುವ 'ತಪ್ಪಿತಸ್ಥ ನೋಟ' ನಾಯಿ ತಪ್ಪು ಮಾಡಿತ್ತೇ ಇಲ್ಲವೇ ಎಂಬುದನ್ನು ಅವಲಂಬಿಸಿರಲಿಲ್ಲ. ಯಜಮಾನ ಗದರಿದಾಗ ಅದು ಹೆಚ್ಚಾಗಿ ಕಾಣಿಸಿಕೊಂಡಿತು. ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವ ಇಂಥ ಭ್ರಮೆಯನ್ನು ವೇದಾಂತಿಗಳು ಅಧ್ಯಾಸವೆಂದು ಕರೆಯುತ್ತಾರೆ. ಆದ್ದರಿಂದ ನಾಯಿಯ ನಿಷ್ಠೆಯನ್ನು ಹೊಗಳುವಾಗ ಕೊಂಚ ಎಚ್ಚರ ಬೇಕು, ಅದರ ವಿಷಯದಲ್ಲಿ ಮನುಷ್ಯನ ನಿಷ್ಠೆ ಎಷ್ಟೆಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಕನ್ನಡನಾಡು ಆ ನಿಷ್ಠೆಯನ್ನು ಕಲ್ಲಿನಲ್ಲಿ ಬರೆದಿಟ್ಟ ಉದಾಹರಣೆಯೂ ಉಂಟು. 949ರ ತಕ್ಕೋಲದ ಕಾಳಗದಲ್ಲಿ ಮಣಲೇರನೆಂಬ ಯೋಧ ಮೆರೆದ ಶೌರ್ಯಕ್ಕೆ ಮೆಚ್ಚಿ ಗಂಗರ ಅರಸ ಬೂತುಗ ಬೇಕಾದದ್ದನ್ನು ಕೇಳೆಂದಾಗ, ಆ ವೀರ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಹೋರಾಡಿ ಕಾಳಿ ಹಂದಿಯ ಜೊತೆಗೇ ಸತ್ತಾಗ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವವರಿಗೆ ಪಾಪ ತಟ್ಟುತ್ತದೆಂದು ಶಾಸನ ಎಚ್ಚರಿಸುತ್ತದೆ. ಭಕ್ತಿಯಲ್ಲಿಯೂ ನಾಯಿಗೆ ಸ್ಥಾನವುಂಟು: ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಕರಿಕಂಬಳಿ ಹೊದ್ದು ಡಮರು ಹಿಡಿದ ಗೊರವರೆಂಬ ಭಕ್ತರು ಅಲ್ಲಿಯ ದೇವರಾದ ಮೈಲಾರಲಿಂಗನ ನಾಯಿಗಳಾಗಿ ದೋಣಿಯೆಂಬ ಪಾತ್ರೆಗೆ ಬಾಯಿ ಹಚ್ಚಿ ಪ್ರಸಾದ ಉಣ್ಣುತ್ತಾರೆ. ಬೈಗುಳವಾಗಿ ಬಳಕೆಯಲ್ಲಿರುವ ಪ್ರಾಣಿಯ ಹೆಸರನ್ನು ಭಕ್ತಿಯ ಪದವಿಯಾಗಿ ಧರಿಸುವ ಈ ಧೈರ್ಯವನ್ನು ಪಂಡಿತರ ಗ್ರಂಥಗಳಲ್ಲಿ ಕಾಣುವುದು ಕಷ್ಟ.

ನಿತ್ಯಜೀವನದಲ್ಲಿ ಈ ತತ್ತ್ವದ ಪರೀಕ್ಷೆ ನಡೆಯುವುದು ನಾಯಿಯ ಮುಪ್ಪಿನಲ್ಲಿ. ಸಂಡೂರು, ಕೂಡ್ಲಿಗಿ ಸೀಮೆಯ ಹೊಲಗಳಲ್ಲಿ ಕುರಿ ತರುಬಿದ ರಾತ್ರಿ, ಮಂದೆಯ ಅಂಚಿನಲ್ಲಿ ಮಲಗಿ ಕಿವಿ ನಿಮಿರಿಸಿಕೊಂಡೇ ಇರುವ ನಾಯಿ ತೋಳ, ಚಿರತೆಗಳ ಸುಳಿವಿಗೆ ಕುರಿಗಾರನಿಗಿಂತ ಮೊದಲು ಏಳುತ್ತದೆ. ಅಲ್ಲಿಯವರೆಗೆ ಅದಕ್ಕೆ ಹಾಕುವ ರೊಟ್ಟಿ ಕೂಲಿಯೇ ಸರಿ. ಕಣ್ಣು ಮಂಜಾಗಿ, ಮಂದೆಯ ಹಿಂದೆ ನಡೆಯಲೂ ಆಗದ ದಿನ ಅದೇ ಕೈ ಅದೇ ರೊಟ್ಟಿಯನ್ನು ಮುರಿದು ಹಾಕಿದರೆ, ಕೂಲಿಯ ಲೆಕ್ಕ ಮುಗಿದು ಆನೃಶಂಸ್ಯ ಆರಂಭವಾಗುತ್ತದೆ. ಪಟ್ಟಣದ ಮನೆಗಳಲ್ಲಿ ಮಕ್ಕಳ ಹಟಕ್ಕೆ ತಂದ ಮರಿ, ಬೆಳೆದು ಮುದಿಯಾಗಿ ಚರ್ಮರೋಗ ಹತ್ತಿದೊಡನೆ ಊರಾಚೆಯ ರಸ್ತೆಯಲ್ಲಿ ಇಳಿಸಲ್ಪಡುವುದೂ ಉಂಟು. ಅಲ್ಲಿ ಕೊರತೆಯಾದದ್ದು ಪ್ರೀತಿಯೆನ್ನುವಂತಿಲ್ಲ, ಏಕೆಂದರೆ ಮರಿಯನ್ನು ಮುದ್ದಿಸಿದ ಪ್ರೀತಿ ಸುಳ್ಳಾಗಿರಲಿಲ್ಲ. ಪ್ರೀತಿ ಬತ್ತಿದ ಮೇಲೂ ನಿಲ್ಲಬೇಕಾದ ಹೊಣೆಯನ್ನು ಆ ಮನೆಯವರು ಅರಿತಿರಲಿಲ್ಲ.

ಸಾಕಿದ ಪ್ರಾಣಿ ಹಸಿವು, ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಅದನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಮನೆಗೆ ನಾಯಿಮರಿ ತರಲು ಹೊರಟವರು ಅದರ ಕೊನೆಯ ವರ್ಷಗಳನ್ನು, ಆಗ ತಗಲುವ ಔಷಧೋಪಚಾರದ ಖರ್ಚನ್ನು ಮೊದಲೇ ಯೋಚಿಸಿ, ಆಗುವುದಿಲ್ಲವೆನಿಸಿದರೆ ತಾರದೇ ಇರಬೇಕು.