ಜಾಡು ಹಿಡಿಯುವುದು ಬೇರೆ, ದೂರು ಹೊರಿಸುವುದು ಬೇರೆ



*ಇಂದಿನ ಚಿಂತನೆ: ರೋಗ ಎಲ್ಲಿಂದ ಬಂತು ಎಂದು ಕೇಳುವುದು ಸರಿಯೇ?*

ಮಜ್ಝಿಮ ನಿಕಾಯದ ಬಾಣದ ದೃಷ್ಟಾಂತ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ವಿಷದ ಬಾಣ ನೆಟ್ಟವನೊಬ್ಬ ವೈದ್ಯನ ಕೈ ತಡೆದು, ಬಾಣ ಬಿಟ್ಟವನು ಯಾರೆಂದು ತಿಳಿಯುವ ತನಕ ಕೀಳಬೇಡ ಎಂದು ಹಟ ಹಿಡಿಯುತ್ತಾನೆ. ಉತ್ತರ ಸಿಗುವ ಮೊದಲೇ ಅವನು ಸಾಯುತ್ತಾನೆ. ಭಗವಾನರು ಮಾಲುಂಕ್ಯಪುತ್ತನಿಗೆ ಹೇಳಿದ ಈ ಕಥೆಯನ್ನು ನಾವು ಸಾಮಾನ್ಯವಾಗಿ ಹೀಗೆ ಅರ್ಥ ಮಾಡಿಕೊಳ್ಳುತ್ತೇವೆ: ಹಿಂದಿನದನ್ನು ಕೆದಕಬೇಡ, ಮುಂದಿನ ಕೆಲಸ ನೋಡು.

ಆದರೆ ಅದೇ ಭಗವಾನರು ದುಃಖಕ್ಕೆ ಕಾರಣವೇನು, ಆ ಕಾರಣಕ್ಕೆ ಕಾರಣವೇನು ಎಂದು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗಿ ಪ್ರತೀತ್ಯಸಮುತ್ಪಾದವನ್ನು ಬೋಧಿಸಿದರು. ಹಾಗಾದರೆ 'ಎಲ್ಲಿಂದ ಬಂತು' ಎಂದು ಕೇಳಬೇಕೋ, ಬೇಡವೋ? ಇದನ್ನು ಇಂದು ದನಗಳ ಒಂದು ರೋಗವನ್ನು ಇಟ್ಟುಕೊಂಡು ಯೋಚಿಸೋಣ.

*ರೋಗ ನಡೆದು ಬಂದ ದಾರಿ*

ಚರ್ಮಗಂಟು ರೋಗದ ಹೆಸರನ್ನು ಕರ್ನಾಟಕದ ರೈತರು ಮರೆತಿಲ್ಲ. ಮೊದಲು ಜ್ವರ, ಆಮೇಲೆ ಮೈತುಂಬ ಗಂಟುಗಳು, ಕಾಲಿಗೆ ಬಾವು. ಹಾಲು ಇಳಿದುಹೋಗುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ. 2022ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರಾಸುಗಳು ಇದರಿಂದ ಸತ್ತವು. ಒಂದೋ ಎರಡೋ ಹಸುವಿನ ಹಾಲಿನಿಂದಲೇ ಸಂಸಾರ ನಡೆಸುತ್ತಿದ್ದ ಮನೆಗಳಿಗೆ ಅದು ದುಡಿಯುವ ಕೈಯೇ ಹೋದಂತೆ.

ಈ ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಇಂದು ಜಾಂಬಿಯಾ ಎನಿಸಿರುವ ನಾಡಿನಲ್ಲಿ. ಆಗ ಅದನ್ನು ಅಂಟುರೋಗ ಎಂದೇ ಅಂದುಕೊಂಡಿರಲಿಲ್ಲ. ಏನೋ ವಿಷ ತಿಂದಿರಬೇಕು, ಇಲ್ಲವೇ ಹುಳ ಕಚ್ಚಿ ಮೈ ಊದಿರಬೇಕು ಎಂದು ಭಾವಿಸಿದ್ದರು. ಅದು ಒಂದು ದನದಿಂದ ಇನ್ನೊಂದಕ್ಕೆ ಹರಡುತ್ತದೆ ಎಂಬುದು ಸ್ಪಷ್ಟವಾಗಿದ್ದು 1940ರ ದಶಕದಲ್ಲಿ, ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ. 1988ರಲ್ಲಿ ಈಜಿಪ್ಟ್, ಮರುವರ್ಷ ಇಸ್ರೇಲ್. 2013ರಲ್ಲಿ ಟರ್ಕಿ. 2015ರಲ್ಲಿ ಗ್ರೀಸ್ ಮತ್ತು ರಷ್ಯಾ. 2019ರ ಮಳೆಗಾಲದಲ್ಲಿ ಬಾಂಗ್ಲಾದೇಶ, ನಮ್ಮ ಒಡಿಶಾ ಮತ್ತು ಚೀನಾ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ.

ವೈರಸ್ಸಿಗೆ ಕಾಲಿಲ್ಲ. ಊರೊಳಗೆ ಅದನ್ನು ಸೊಳ್ಳೆ, ಕಚ್ಚುವ ನೊಣ, ಉಣ್ಣೆಗಳು ಹೊತ್ತೊಯ್ಯುತ್ತವೆ. ಆದರೆ ನೂರಾರು ಮೈಲಿಗಳ ಜಿಗಿತಕ್ಕೆ ಹೆಚ್ಚಾಗಿ ಮನುಷ್ಯನೇ ಬೇಕು. ಸಂತೆಯಲ್ಲಿ ಕೊಂಡ ರಾಸು, ಲಾರಿಗೆ ಹತ್ತಿಸಿದ ರಾಸು, ಗಡಿ ದಾಟಿಸಿದ ರಾಸು. ಸೋಂಕು ತಗುಲಿದ ಮೇಲೆ ಗಂಟು ಏಳಲು ಕೆಲವು ದಿನ ಹಿಡಿಯುತ್ತದೆ. ಕೆಲವು ರಾಸುಗಳಲ್ಲಿ ಗಂಟೇ ಕಾಣುವುದಿಲ್ಲ. ಮಾರಿದವನಿಗೂ ಗೊತ್ತಿಲ್ಲ, ಕೊಂಡವನಿಗೂ ಗೊತ್ತಿಲ್ಲ, ರೋಗ ಮಾತ್ರ ಮುಂದಿನ ಊರು ಸೇರಿರುತ್ತದೆ.

*2022ರ ಎರಡು ಉತ್ತರಗಳು*

ಆ ವರ್ಷ ನಮ್ಮ ಮೊಬೈಲುಗಳಲ್ಲಿ 'ಎಲ್ಲಿಂದ ಬಂತು' ಎಂಬ ಪ್ರಶ್ನೆಗೆ ಉತ್ತರಗಳ ಮಳೆಯೇ ಸುರಿಯಿತು. ಆಫ್ರಿಕಾದಿಂದ ತಂದ ಚೀತಾಗಳೇ ಕಾರಣ ಎಂದರು ಕೆಲವರು. ಆ ಚೀತಾಗಳು ಕುನೋಗೆ ಬಂದಿಳಿದದ್ದು ಸೆಪ್ಟೆಂಬರ್ 17ರಂದು. ಗುಜರಾತಿನ ದನಗಳು ಅದಕ್ಕೆ ತಿಂಗಳುಗಳ ಮೊದಲೇ ಸಾಯುತ್ತಿದ್ದವು. ಪಾಕಿಸ್ತಾನದಿಂದ ಬಂತು ಎಂದರು ಬಹಳ ಜನ. ಅಲ್ಲಿಯೂ ಆ ವರ್ಷ ರೋಗವಿತ್ತು ಎಂಬುದು ನಿಜ. ಆದರೆ ಆ ಮಾತನ್ನು ಹಂಚಿಕೊಂಡ ಎಷ್ಟೋ ಜನರಿಗೆ ದನದ ಚಿಂತೆಗಿಂತ ಆ ಹೆಸರು ಹೇಳುವುದರಲ್ಲೇ ಹೆಚ್ಚು ಸಮಾಧಾನವಿತ್ತು.

ಇದೇ ಪ್ರಶ್ನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೇರೆ ಸಂಸ್ಥೆಗಳವರ ಜೊತೆ ಸೇರಿ ಬೇರೆ ರೀತಿ ಕೇಳಿದರು. ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರ, ಕರ್ನಾಟಕಗಳ ಸೋಂಕಿತ ರಾಸುಗಳ ಗಂಟು, ರಕ್ತ, ಮೂಗಿನ ದ್ರವಗಳ ಮಾದರಿ ತೆಗೆದು ವೈರಸ್ಸಿನ ಜೀನೋಮನ್ನು ಓದಿದರು. 2024ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಕಂಡದ್ದು ಒಂದಲ್ಲ, ಎರಡು ಬಗೆಯ ವೈರಸ್ಸುಗಳು. ಒಂದು, 2019ರಲ್ಲಿ ರಾಂಚಿಯಲ್ಲಿ ಮತ್ತು 2020ರಲ್ಲಿ ಹೈದರಾಬಾದಿನಲ್ಲಿ ಸಿಕ್ಕಿದ್ದರ ಹತ್ತಿರದ ನೆಂಟ. ಇನ್ನೊಂದು, 2015ರಲ್ಲಿ ರಷ್ಯಾದಲ್ಲಿ ಕಂಡದ್ದಕ್ಕೆ ಹತ್ತಿರ. ಅಂದರೆ ಒಂದು ಬಗೆ ಮೂರು ವರ್ಷಗಳಿಂದ ನಮ್ಮ ನಡುವೆಯೇ ಇತ್ತು.

ಇಂಥ ಅಧ್ಯಯನ ಯಾವುದು ಯಾವುದಕ್ಕೆ ಹತ್ತಿರ ಎಂದು ಹೇಳುತ್ತದೆ. ಯಾರನ್ನು ದ್ವೇಷಿಸಬೇಕು ಎಂದು ಹೇಳುವುದಿಲ್ಲ.

*ಬಾಣದ ಕಥೆಯನ್ನು ಮತ್ತೊಮ್ಮೆ ನೋಡೋಣ*

ಈಗ ಆ ಗಾಯಾಳು ಕೇಳುವ ಪ್ರಶ್ನೆಗಳನ್ನು ಗಮನಿಸಿ. ಬಾಣ ಬಿಟ್ಟವನ ಜಾತಿ ಯಾವುದು? ಹೆಸರೇನು, ಕುಲ ಯಾವುದು? ಉದ್ದವೋ ಕುಳ್ಳೋ? ಕಪ್ಪೋ ಬಿಳುಪೋ? ಯಾವ ಊರಿನವನು? ಆಮೇಲೆ ಬಿಲ್ಲು ಎಂಥದ್ದು, ಬಾಣಕ್ಕೆ ಕಟ್ಟಿದ ಗರಿ ಯಾವ ಹಕ್ಕಿಯದು ಎನ್ನುತ್ತಾನೆ. ಮೊದಲ ಸಾಲಿನ ಪ್ರಶ್ನೆಗಳೆಲ್ಲ ಒಬ್ಬ ವ್ಯಕ್ತಿಯ ಗುರುತಿನ ಪ್ರಶ್ನೆಗಳು. ಅವುಗಳಲ್ಲಿ ಒಂದೂ ಬಾಣವನ್ನು ಕೂದಲೆಳೆಯಷ್ಟೂ ಅಲುಗಿಸುವುದಿಲ್ಲ.

ವೈದ್ಯನಿಗೂ ಪ್ರಶ್ನೆಗಳಿರುತ್ತವೆ. ಎಷ್ಟು ಆಳಕ್ಕೆ ಹೋಗಿದೆ? ತಗುಲಿ ಎಷ್ಟು ಹೊತ್ತಾಯಿತು? ಯಾವ ವಿಷ? ಇವೂ ಹಿಂದಕ್ಕೆ ನೋಡುವ ಪ್ರಶ್ನೆಗಳೇ. ಆದರೆ ಇವುಗಳ ಉತ್ತರ ಕೈಗೆ ಕೆಲಸ ಕೊಡುತ್ತದೆ.

ಹಾಗಾಗಿ ಭಗವಾನರು ಬೇಡವೆಂದದ್ದು ವಿಚಾರಣೆಯನ್ನಲ್ಲ. ಬಾಣವನ್ನು ಅಲ್ಲೇ ಬಿಡುವ ವಿಚಾರಣೆಯನ್ನು. ದುಃಖದ ಕಾರಣವನ್ನು ಅವರು ಹುಡುಕಿದ್ದು ಕೊಂಡಿಯನ್ನು ಎಲ್ಲಿ ಕಡಿಯಬಹುದು ಎಂದು ನೋಡುವುದಕ್ಕೆ. ಜಾಡು ಹಿಡಿಯುವವನು ಪ್ರತ್ಯಯಗಳನ್ನು ಹುಡುಕುತ್ತಾನೆ. ದೂರು ಹೊರಿಸುವವನು ಒಂದು ಹೆಸರನ್ನು ಹುಡುಕುತ್ತಾನೆ; ಹೆಸರು ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸುತ್ತಾನೆ.

'ಎಲ್ಲ ಅವರವರ ಪೂರ್ವಜನ್ಮದ ಕರ್ಮ' ಎನ್ನುವ ಮಾತೂ ಹುಡುಕಾಟ ನಿಲ್ಲಿಸುವಂಥದ್ದೇ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಇದೇ ಪ್ರಶ್ನೆ ತಂದಾಗ, ಭಗವಾನರು ನೋವಿಗೆ ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಆರೈಕೆಯ ಕೊರತೆ ಮೊದಲಾಗಿ ಎಂಟು ಕಾರಣಗಳನ್ನು ಎಣಿಸಿದರು. ಕರ್ಮಫಲ ಅವುಗಳಲ್ಲಿ ಒಂದು ಮಾತ್ರ. ಹಸು ಸತ್ತ ಮನೆಯ ಮುಂದೆ ನಿಂತು ಕರ್ಮದ ಮಾತಾಡುವುದು ಧಮ್ಮವಲ್ಲ.

*ಆ ಹೆಸರು ನಮ್ಮದೇ ಆಗಿದ್ದಾಗ*

ನೆರೆಯವರ ಮೇಲೆ ಬೆರಳು ತೋರುವ ಮುನ್ನ ಇನ್ನೊಂದು ಜಾಡು ನೋಡೋಣ. ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ದನಗಳ ಮಾರಿಯೊಂದಿತ್ತು. ಅದೂ ವೈರಸ್ಸಿನದೇ. 1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳನ್ನು ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ ಇಳಿಸಿದರು. ಅವುಗಳೊಂದಿಗೆ ಆ ದೇಶಕ್ಕೆ ದೊಡ್ಡರೋಗವೂ ಇಳಿಯಿತು. ಅಂದು 'ಹೊರಗಿನಿಂದ ಬಂದ ರೋಗ' ಎಂಬ ಮಾತಿನಲ್ಲಿ ಹೊರಗು ಎಂದರೆ ನಾವು.

ಆದರೆ ಆ ಘಟನೆ ಬೈಗುಳದಲ್ಲಿ ಮುಗಿಯಲಿಲ್ಲ. ಒಂದು ದೇಶದಲ್ಲಿ ದನಗಳ ರೋಗ ಕಂಡರೆ ಉಳಿದ ದೇಶಗಳಿಗೆ ತಿಳಿಸುವ ಏರ್ಪಾಡು ಬೇಕೆಂಬ ಅರಿವು ಮೂಡಿತು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದೇ. ದೇಶಗಳು ಮುಚ್ಚಿಡದೆ ಹೇಳಿಕೊಂಡವು, ಲಸಿಕೆ ಹಾಕಿದವು. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಅಳಿದುಹೋದ ಎರಡನೆಯ ರೋಗ ಅದು.

*ಮೊದಲು ಹೇಳುವವನ ಕಷ್ಟ*

ಜಾಡು ಹಿಡಿಯುವ ಕೆಲಸ ನಿಂತಿರುವುದು ಒಂದೇ ಒಂದು ಅಡಿಗಲ್ಲಿನ ಮೇಲೆ: ಯಾರೋ ಒಬ್ಬರು ಮೊದಲು ನಿಜ ಹೇಳಬೇಕು. 'ನನ್ನ ಕೊಟ್ಟಿಗೆಯಲ್ಲಿ ಗಂಟು ಕಾಣಿಸಿದೆ' ಎಂದು.

ಹಾಗೆ ಹೇಳಿದವನಿಗೆ ಏನಾಗುತ್ತದೆ? ಕಾಯಿಸಿದ ಹಾಲಿನಿಂದ ಅಪಾಯವಿಲ್ಲ, ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಅವನ ಹಾಲು ಬೇಡ ಎನ್ನುತ್ತಾರೆ. ರಾಸು ಮಾರುವಂತಿಲ್ಲ. ಅವನಿಂದಲೇ ಊರಿಗೆ ಬಂತು ಎಂಬ ಮಾತು ಅಂಟಿಕೊಳ್ಳುತ್ತದೆ. ದೇಶಗಳ ಪಾಡೂ ಇದೇ: ವರದಿ ಮಾಡಿದ ಮರುದಿನ ಅದರ ದನಗಳನ್ನು ಕೊಳ್ಳುವವರು ಬಾಗಿಲು ಹಾಕುತ್ತಾರೆ. ಬಾಯಿ ಮುಚ್ಚಿಕೊಂಡು ಸಂತೆಗೆ ಹೊಡೆದುಕೊಂಡು ಹೋದವನಿಗೆ ಇಷ್ಟು ನಷ್ಟವಿಲ್ಲ.

ಹಾಗಾದರೆ ತಪ್ಪು ಮಾಡಿದವರೇ ಇಲ್ಲವೇ? ಇದ್ದಾರೆ. ರೋಗವಿದೆ ಎಂದು ಗೊತ್ತಿದ್ದೂ ರಾಸನ್ನು ಮಾರಿದರೆ ಅದು ಮುಸಾವಾದ, ಅದು ಅವನ ಚೇತನೆ, ಅದರ ಹೊಣೆ ಅವನದೇ. ಎಲ್ಲವೂ ಪ್ರತ್ಯಯಗಳಿಂದ ಆಗುತ್ತದೆ ಎಂಬ ಮಾತನ್ನು ಸುಳ್ಳಿಗೆ ಹೊದಿಕೆ ಮಾಡಬಾರದು. ಆದರೆ ಅವನ ಕೈಯನ್ನು ಅತ್ತ ತಳ್ಳಿದ ಸಾಲ, ಇಲ್ಲದ ವಿಮೆ, ಊರಿನ ಬಾಯಿ, ಇವೂ ಆ ಸರಪಳಿಯ ಕೊಂಡಿಗಳು. ಸುಳ್ಳು ಅವನದು, ನಿಜವನ್ನು ಇಷ್ಟು ದುಬಾರಿ ಮಾಡಿದವರು ನಾವೆಲ್ಲ.

ಶೀಲ ಪಾಲಿಸುವುದನ್ನು ಭಗವಾನರು ದಾನವೆಂದೇ ಕರೆದರು. ಅಸಂಖ್ಯ ಜೀವಿಗಳಿಗೆ ಕೊಡುವ ಅಭಯದ ದಾನ. ಇಲ್ಲಿ ಅದನ್ನು ಅಕ್ಷರಶಃ ತೆಗೆದುಕೊಳ್ಳಬಹುದು. ಅಭಯವಿದ್ದ ಕಡೆ ಜನ ನಿಜ ಹೇಳುತ್ತಾರೆ. ನಿಜ ಹೇಳಿದ ಕಡೆ ಜಾಡು ಸಿಗುತ್ತದೆ. ಜಾಡು ಸಿಕ್ಕರೆ ಮುಂದಿನ ಕೊಟ್ಟಿಗೆ ಉಳಿಯುತ್ತದೆ. 2019ರಲ್ಲಿ ರಾಂಚಿಯ ರಾಸುಗಳಿಂದ ಪಡೆದ ವೈರಸ್ಸಿನಿಂದಲೇ ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು ಈ ರೋಗಕ್ಕೆ ಲಸಿಕೆ ತಯಾರಿಸಿದರು. ಆ ರಾಸುಗಳ ರೋಗವನ್ನು ಯಾರೂ ಹೇಳದೆ ಮುಚ್ಚಿಟ್ಟಿದ್ದರೆ ಆ ಲಸಿಕೆಗೆ ಬೇಕಾದ ಬೀಜವೇ ಸಿಗುತ್ತಿರಲಿಲ್ಲ.

ಪರಿಹಾರದ ಹಣ ತಡವಿಲ್ಲದೆ ತಲುಪುವುದು, ಲಸಿಕೆ ಸಮಯಕ್ಕೆ ಬರುವುದು, ರೋಗ ಬಂದ ಮನೆಯವರೊಂದಿಗೆ ನೆರೆಯವರು ಮುಖ ತಿರುಗಿಸದೆ ಮಾತಾಡುವುದು. ಇವು ಬರಿಯ ಸೌಜನ್ಯವಲ್ಲ. ಕರುಣೆಯಿಲ್ಲದ ಕಡೆ ಸತ್ಯಕ್ಕೆ ಬಾಯಿ ಬರುವುದಿಲ್ಲ.

*ಇಂದಿನ ಅಭ್ಯಾಸ*

ಇಂದು ಮನೆಯಲ್ಲೋ ಕೆಲಸದಲ್ಲೋ ಏನಾದರೂ ಕೆಟ್ಟಾಗ, 'ಯಾರು ಮಾಡಿದ್ದು?' ಎಂಬ ಮಾತು ಬಾಯಿಗೆ ಬರುತ್ತದೆ. ಒಂದು ಉಸಿರು ತಡೆಯಿರಿ. ಅದರ ಬದಲು 'ಇದು ಹೇಗೆ ಆಯಿತು?' ಎಂದು ಕೇಳಿ ನೋಡಿ. ಉತ್ತರ ಕೊಡುವವರ ಮುಖ ಹೇಗೆ ಬದಲಾಗುತ್ತದೆ ಎಂದು ಗಮನಿಸಿ. ಜಾಡು ಹಿಡಿದು ಹೋಗುವಾಗ ನಾವೇ ನಿಂತಿರುವ ಕೊಂಡಿ ಸಿಕ್ಕರೆ ಅದನ್ನು ಹಾರಿ ಮುಂದೆ ಹೋಗದಿರೋಣ. ನಮ್ಮ ಕೈಯಿಂದ ಕಡಿಯಲಾಗುವ ಕೊಂಡಿ ಬಹುಶಃ ಅದೊಂದೇ.

ಮಾತಿಲ್ಲದ ಜೀವಿಗಳಿಗೂ, ಅವನ್ನು ನಂಬಿ ಬದುಕುವ ಮನೆಗಳಿಗೂ ಒಳಿತಾಗಲಿ.

ನಮೋ ಬುದ್ಧಾಯ.